ಚಿಮಣಿಯ ಹೊಗೆಯೂ ಬೊಕ್ಕಸದ ಹಣವೂ

2026ನೆಯ ಫೆಬ್ರವರಿ ಒಂದನೆಯ ತಾರೀಖು ಕೇಂದ್ರ ಸರಕಾರದ ಅರ್ಥಸಚಿವರು ಲೋಕಸಭೆಯ ಮುಂದಿಟ್ಟ ಆಯವ್ಯಯ ಪತ್ರದಲ್ಲಿ, ಕಾರ್ಖಾನೆಗಳ ಹೊಗೆಯಿಂದ ಅಂಗಾರಾಮ್ಲ ವಾಯುವನ್ನು ಬೇರ್ಪಡಿಸಿ ಹಿಡಿದು ಅದನ್ನು ಉಪಯೋಗಕ್ಕೆ ತರುವ ಇಲ್ಲವೆ ಭೂಗರ್ಭದಲ್ಲಿ ಹುಗಿದಿಡುವ ಕಾರ್ಯಕ್ಕಾಗಿ, ಐದು ವರ್ಷಗಳ ಅವಧಿಯಲ್ಲಿ 20,000 ಕೋಟಿ ರೂಪಾಯಿಗಳನ್ನು ವಿನಿಯೋಗಿಸುವ ಸಂಕಲ್ಪವು ಪ್ರಕಟವಾಯಿತು. ವಿದ್ಯುತ್ತು, ಉಕ್ಕು, ಸಿಮೆಂಟು, ತೈಲಶುದ್ಧಿ, ರಾಸಾಯನಿಕ ಎಂಬ ಐದು ಉದ್ಯಮಗಳು ಈ ಹಣಕ್ಕೆ ಬಾಧ್ಯವಾಗತಕ್ಕವು. ತೆರಿಗೆಗಳ ಏರಿಳಿತವನ್ನೇ ಕಣ್ಣಿಟ್ಟು ನೋಡುವ ನಮ್ಮ ಜನರಲ್ಲಿ ಬಹುಮಂದಿ ಈ ಒಂದು ವಾಕ್ಯವನ್ನು ಗಮನಿಸಿರಲಾರರು. ಆದರೆ ಇಪ್ಪತ್ತು ಸಾವಿರ ಕೋಟಿಯೆಂಬುದು ಅಲ್ಪ ಮೊತ್ತವಲ್ಲ. ಅದು ಯಾವ ಕೆಲಸಕ್ಕೆ ಹೋಗುತ್ತದೆ, ಆ ಕೆಲಸ ಸಾಧ್ಯವೆ, ಸಾಧ್ಯವಾದರೂ ಯುಕ್ತವೆ ಎಂಬುದನ್ನು ವಿಚಾರಿಸುವುದು ವಿಜ್ಞಾನಿಗಳಿಗೆ ಮಾತ್ರ ಬಿಡತಕ್ಕ ವಿಷಯವಲ್ಲ. ತೆರಿಗೆ ತೆರುವ ಪ್ರತಿಯೊಬ್ಬ ನಾಗರಿಕನಿಗೂ ಅದರಲ್ಲಿ ಹಕ್ಕಿದೆ. ಆಡಳಿತದಲ್ಲಿರುವ ಪ್ರತಿಯೊಬ್ಬ ಅಧಿಕಾರಿಗೂ ಅದರಲ್ಲಿ ಹೊಣೆಯಿದೆ.

ಈ ವಿಷಯದಲ್ಲಿ ಎರಡು ಪಕ್ಷಗಳು ಈಗಾಗಲೇ ಕಟ್ಟಿಕೊಂಡಿವೆ. ಹೊಗೆಯನ್ನು ಹಿಡಿಯುವ ಯಂತ್ರ ಬಂದರೆ ಕಲ್ಲಿದ್ದಲನ್ನು ಎಂದಿನಂತೆ ಉರಿಸುತ್ತಿರಬಹುದು, ಚಿಂತೆಗೆ ಕಾರಣವಿಲ್ಲವೆಂದು ಒಂದು ಪಕ್ಷ. ಇದೆಲ್ಲವೂ ಕಲ್ಲಿದ್ದಲಿನ ವ್ಯಾಪಾರಿಗಳು ಹೂಡಿದ ಕಣ್ಕಟ್ಟು, ಒಂದು ಕಾಸನ್ನೂ ಕೊಡಬಾರದೆಂದು ಮತ್ತೊಂದು ಪಕ್ಷ. ನಮಗೆ ಈ ಎರಡೂ ಒಪ್ಪತಕ್ಕವಾಗಿ ತೋರುವುದಿಲ್ಲ. ಯಂತ್ರವು ಸುಳ್ಳಲ್ಲ, ಆದರೆ ಅದರ ಹೆಸರಿನಲ್ಲಿ ಕೊಡುವ ಭರವಸೆಗಳಲ್ಲಿ ಬಹುಪಾಲು ಇನ್ನೂ ಸತ್ಯವಾಗಿಲ್ಲ. ಇವೆರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ವಾಯುವಿನ ಪ್ರಮಾಣ

ಹಳೆಯ ಶಾಲಾಪುಸ್ತಕಗಳು ಅಂಗಾರಾಮ್ಲವೆಂದೂ ಇಂದಿನವು ಇಂಗಾಲದ ಡೈಆಕ್ಸೈಡ್ ಎಂದೂ ಕರೆಯುವ ಈ ವಾಯುವು ವಿಷವೇನೂ ಅಲ್ಲ. ನಾವು ಬಿಡುವ ಉಸಿರಿನಲ್ಲಿ ಅದಿದೆ. ಗಿಡಮರಗಳಿಗೆ ಅದೇ ಆಹಾರ. ಸೂರ್ಯನ ಬೆಳಕನ್ನು ಒಳಕ್ಕೆ ಬಿಟ್ಟು, ನೆಲವು ಹೊರಸೂಸುವ ಶಾಖವನ್ನು ತಡೆದು ಹಿಡಿಯುವ ಗುಣ ಅದಕ್ಕಿದೆ. ಕಲ್ಲಿದ್ದಲನ್ನು ಉರಿಸುವುದರಿಂದ ಈ ವಾಯು ಹೆಚ್ಚಿ ಭೂಮಿಯ ಉಷ್ಣತೆ ಏರಬಹುದೆಂಬುದನ್ನು ಸ್ವೀಡನ್ನಿನ ಅರ‍್ಹೇನಿಯಸ್ ಎಂಬ ರಸಾಯನಶಾಸ್ತ್ರಜ್ಞನು 1896ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದನು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಷ್ಟಿದ್ದ ಅಂಗಾರಾಮ್ಲವು ಈಗ 420ನ್ನು ಮೀರಿದೆ.

ಈ ವಿಷಯವನ್ನು ನಮ್ಮ ರಾಯಚೂರಿನ ಉದಾಹರಣೆಯಿಂದ ನೋಡುವುದು ಸುಲಭ. ಕೃಷ್ಣಾತೀರದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕದೊಡನೆ ಆರಂಭವಾದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಈಗ 210 ಮೆಗಾವಾಟಿನ ಏಳು ಘಟಕಗಳೂ 250 ಮೆಗಾವಾಟಿನ ಒಂದು ಘಟಕವೂ ಇವೆ. ಒಟ್ಟು 1720 ಮೆಗಾವಾಟ್. ಎಲ್ಲವೂ ಒಂದು ದಿನ ಪೂರ್ಣಶಕ್ತಿಯಿಂದ ದುಡಿದರೆ ನಾಲ್ಕು ಕೋಟಿ ಯೂನಿಟ್ಟಿಗೆ ಮೇಲ್ಪಟ್ಟು ವಿದ್ಯುತ್ತು ಹುಟ್ಟುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ಟು ವಿದ್ಯುತ್ತನ್ನು ಪಡೆಯುವಾಗ ನಮ್ಮ ದೇಶದಲ್ಲಿ ಸುಮಾರು ಒಂದು ಕಿಲೋಗ್ರಾಂ ಅಂಗಾರಾಮ್ಲ ಹೊರಬೀಳುತ್ತದೆ. ಎಂದರೆ ಆ ಒಂದು ದಿನದಲ್ಲಿ 40,000 ಟನ್ನಿನ ಆಸುಪಾಸು. ಹತ್ತು ಟನ್ನು ಹೊರುವ ಲಾರಿಗಳಲ್ಲಿ ಇದನ್ನು ತುಂಬುವುದಾದರೆ ದಿನಕ್ಕೆ ನಾಲ್ಕು ಸಾವಿರ ಲಾರಿಗಳು ಬೇಕು.

ಒಳಗೆ ಹೋದ ಕಲ್ಲಿದ್ದಲಿಗಿಂತ ಹೊರಗೆ ಬಂದ ವಾಯುವಿನ ತೂಕ ಹೆಚ್ಚಾಗುವುದು ಹೇಗೆಂದು ಕೆಲವರು ಆಶ್ಚರ್ಯಪಡಬಹುದು. ಇಂಗಾಲದ 12 ತೂಕ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕದ 32 ತೂಕದೊಡನೆ ಸೇರಿ 44 ತೂಕದ ಅಂಗಾರಾಮ್ಲವಾಗುತ್ತದೆ. ಗಣಿಯಿಂದ ರೈಲಿನಲ್ಲಿ ತಂದ ಸರಕಿಗಿಂತ ದೊಡ್ಡ ಸರಕನ್ನು ಮತ್ತೆ ಹಿಡಿದು, ಸಾಗಿಸಿ, ಶಾಶ್ವತವಾಗಿ ಕೂಡಿಡಬೇಕೆಂಬುದೇ ಈ ಯೋಜನೆಯ ಅರ್ಥ. ಸಮಸ್ಯೆಯ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳದೆ ಪರಿಹಾರದ ಮಾತಾಡುವುದು ವ್ಯರ್ಥ.

ಹಿಡಿಯುವ ಬಗೆ

ಹೊಗೆಯಿಂದ ಅಂಗಾರಾಮ್ಲವನ್ನು ಬೇರ್ಪಡಿಸುವ ವಿದ್ಯೆ ಹೊಸದಲ್ಲ. ಅಮೀನ್ ಎಂಬ ಜಾತಿಯ ದ್ರವಗಳು ತಂಪಾಗಿರುವಾಗ ಈ ವಾಯುವನ್ನು ಹೀರಿಕೊಳ್ಳುತ್ತವೆ, ಕಾಯಿಸಿದಾಗ ಬಿಟ್ಟುಕೊಡುತ್ತವೆ. ಈ ಗುಣವನ್ನು ಬಳಸಿಕೊಳ್ಳುವ ವಿಧಾನಕ್ಕೆ ಅಮೆರಿಕದಲ್ಲಿ 1930ರಲ್ಲಿಯೇ ಸ್ವಾಮ್ಯದ ಸನ್ನದು ದೊರೆತಿತ್ತು. ಎತ್ತರವಾದ ಒಂದು ಗೋಪುರದಲ್ಲಿ ಕೆಳಗಿನಿಂದ ಹೊಗೆಯನ್ನೂ ಮೇಲಿನಿಂದ ದ್ರವವನ್ನೂ ಬಿಡುತ್ತಾರೆ. 40 ರಿಂದ 50 ಡಿಗ್ರಿ ಶಾಖದಲ್ಲಿ ದ್ರವವು ವಾಯುವನ್ನು ಹೀರುತ್ತದೆ. ಬಳಿಕ ಆ ದ್ರವವನ್ನು ಇನ್ನೊಂದು ಗೋಪುರಕ್ಕೆ ಒಯ್ದು ಸುಮಾರು 120 ಡಿಗ್ರಿಯವರೆಗೆ ಕಾಯಿಸಿದರೆ ಶುದ್ಧವಾದ ಅಂಗಾರಾಮ್ಲ ಮೇಲೇಳುತ್ತದೆ. ದ್ರವವು ಮತ್ತೆ ಮೊದಲ ಗೋಪುರಕ್ಕೆ ಹಿಂದಿರುಗುತ್ತದೆ. ಹಿಡಿದ ವಾಯುವನ್ನು ಸಾಧಾರಣ ಗಾಳಿಯ ನೂರು ಪಟ್ಟಿಗೂ ಮೇಲ್ಪಟ್ಟ ಒತ್ತಡಕ್ಕೆ ಅದುಮಿ, ಕೊಳವೆಯಲ್ಲಿ ಸಾಗಿಸಿ, ನೆಲದ ಕೆಳಗೆ 800 ಮೀಟರಿಗಿಂತ ಆಳದಲ್ಲಿರುವ ಸರಂಧ್ರ ಶಿಲೆಗಳೊಳಕ್ಕೆ ತುಂಬುತ್ತಾರೆ. ಆ ಶಿಲೆಯ ಮೇಲೆ ವಾಯುವನ್ನು ಬಿಡದ ಗಟ್ಟಿ ಪದರವೊಂದು ಮುಚ್ಚಳದಂತಿರಬೇಕು.

ಕೇಳುವುದಕ್ಕೆ ಇದು ಸರಳ. ತೊಡಕಿರುವುದು ಶಕ್ತಿಯ ಲೆಕ್ಕದಲ್ಲಿ. ಕಲ್ಲಿದ್ದಲಿನ ಹೊಗೆಯಲ್ಲಿ ಅಂಗಾರಾಮ್ಲ ಇರುವುದು ನೂರಕ್ಕೆ 12 ರಿಂದ 15 ಭಾಗ ಮಾತ್ರ. ಉಳಿದದ್ದು ಬಹುಮಟ್ಟಿಗೆ ಸಾರಜನಕ. ಅಷ್ಟು ಹೊಗೆಯನ್ನೂ ಗೋಪುರದ ಮೂಲಕ ಹಾಯಿಸಬೇಕು. ಅಪಾರ ದ್ರವವನ್ನು ಹಗಲಿರುಳು ಕಾಯಿಸಬೇಕು. ಕಾಯಿಸುವ ಉಗಿ ಬರುವುದು ಚಕ್ರವನ್ನು ತಿರುಗಿಸಬೇಕಾದ ಅದೇ ಬಾಯ್ಲರಿನಿಂದ. ಹೀಗಾಗಿ ನೂರಕ್ಕೆ ತೊಂಬತ್ತರಷ್ಟು ವಾಯುವನ್ನು ಹಿಡಿಯಬೇಕಾದರೆ ಕೇಂದ್ರವು ಹುಟ್ಟಿಸುವ ವಿದ್ಯುತ್ತಿನಲ್ಲಿ ಐದರಲ್ಲೊಂದು ಭಾಗದಿಂದ ನಾಲ್ಕರಲ್ಲೊಂದು ಭಾಗದವರೆಗೆ, ಹಳೆಯ ಕೇಂದ್ರಗಳಲ್ಲಿ ಅದಕ್ಕೂ ಹೆಚ್ಚಾಗಿ, ಹಿಡಿಯುವ ಕೆಲಸಕ್ಕೇ ಸಂದುಹೋಗುತ್ತದೆ. ನಾಲ್ಕು ಎತ್ತು ಕಟ್ಟಿದ ರೈತನಿಗೆ ಮೂರರ ಉಳುಮೆ ಮಾತ್ರ ದಕ್ಕಿದಂತೆ. ಕಳೆದುಹೋದ ವಿದ್ಯುತ್ತನ್ನು ತುಂಬಿಕೊಡಲು ಇನ್ನಷ್ಟು ಕಲ್ಲಿದ್ದಲು ಬೇಕು, ಇನ್ನಷ್ಟು ನೀರು ಬೇಕು, ಇನ್ನಷ್ಟು ಬೂದಿಯನ್ನು ಸುರಿಯಲು ಇನ್ನಷ್ಟು ನೆಲ ಬೇಕು.

ಹೊರದೇಶಗಳ ಅನುಭವ

ಈ ಪ್ರಯೋಗವನ್ನು ಮೊದಲು ಕೈಗೊಂಡವರು ಶ್ರೀಮಂತ ರಾಷ್ಟ್ರಗಳವರು. ಅವರ ಅನುಭವ ನಮಗೆ ಪುಕ್ಕಟೆಯಾಗಿ ದೊರೆಯುವ ಪಾಠ.

ಕೆನಡಾದ ಸಸ್ಕಾಚೆವಾನ್ ಪ್ರಾಂತದ ಬೌಂಡರಿ ಡ್ಯಾಮ್ ಎಂಬಲ್ಲಿ 2014ರ ಅಕ್ಟೋಬರಿನಲ್ಲಿ ಜಗತ್ತಿನ ಮೊತ್ತಮೊದಲ ದೊಡ್ಡ ಯಂತ್ರವು ಕಲ್ಲಿದ್ದಲಿನ ಕೇಂದ್ರವೊಂದಕ್ಕೆ ಜೋಡಣೆಯಾಯಿತು. ತಗಲಿದ ವೆಚ್ಚ ಸುಮಾರು 150 ಕೋಟಿ ಕೆನಡಾ ಡಾಲರು. ಮೊದಲು 139 ಮೆಗಾವಾಟ್ ಒದಗಿಸುತ್ತಿದ್ದ ಘಟಕವು ಆಮೇಲೆ ಸುಮಾರು 115ಕ್ಕೆ ಇಳಿಯಿತು. ವರ್ಷಕ್ಕೆ ಹತ್ತು ಲಕ್ಷ ಟನ್ನು ಹಿಡಿಯುವುದೆಂಬುದು ಸಂಕಲ್ಪ. ಎಂಟು ವರ್ಷಗಳು ತುಂಬಿ 2023 ಬಂದಾಗ ಒಟ್ಟು ಹಿಡಿದದ್ದು ಐವತ್ತು ಲಕ್ಷ ಟನ್ನಿನ ಆಸುಪಾಸು. ಹಾರುಬೂದಿ ದ್ರವದೊಳಗೆ ಸೇರಿ ಅದು ಕೆಡುತ್ತಿದ್ದುದು ಆರಂಭದ ವರ್ಷಗಳ ದೊಡ್ಡ ತೊಂದರೆಗಳಲ್ಲೊಂದು.

ಅಮೆರಿಕದ ಟೆಕ್ಸಾಸಿನಲ್ಲಿ ಹ್ಯೂಸ್ಟನ್ ನಗರದ ಬಳಿ ಪೆಟ್ರಾ ನೋವಾ ಎಂಬ ಯಂತ್ರವು 2017ರಲ್ಲಿ ಕೆಲಸ ಆರಂಭಿಸಿತು. ನೂರು ಕೋಟಿ ಡಾಲರಿನ ಈ ಯಂತ್ರವನ್ನು ವರ್ಷಕ್ಕೆ ಸುಮಾರು 14 ಲಕ್ಷ ಟನ್ನು ಹಿಡಿಯುವಂತೆ ಕಟ್ಟಿದ್ದರು. ದ್ರವವನ್ನು ಕಾಯಿಸುವುದಕ್ಕಾಗಿಯೇ ಪ್ರತ್ಯೇಕವಾದ ಒಂದು ಅನಿಲದ ವಿದ್ಯುತ್ ಕೇಂದ್ರವನ್ನೂ ಪಕ್ಕದಲ್ಲಿ ನಿಲ್ಲಿಸಬೇಕಾಯಿತು. ಹಿಡಿದ ವಾಯುವನ್ನು ಸುಮಾರು 130 ಕಿಲೋಮೀಟರು ದೂರದ ತೈಲಕ್ಷೇತ್ರಕ್ಕೆ ಸಾಗಿಸಿ, ನೆಲದಾಳದಲ್ಲಿ ಅಂಟಿಕೊಂಡಿದ್ದ ಎಣ್ಣೆಯನ್ನು ಮೇಲೆಬ್ಬಿಸಲು ಬಳಸುತ್ತಿದ್ದರು. 2020ರಲ್ಲಿ ಎಣ್ಣೆಯ ಬೆಲೆ ಕುಸಿದೊಡನೆ ಯಂತ್ರ ನಿಂತಿತು. ಮೂರು ವರ್ಷಗಳಿಗೂ ಮೇಲೆ ಸುಮ್ಮನೆ ನಿಂತಿದ್ದು 2023ರ ಸೆಪ್ಟೆಂಬರಿನಲ್ಲಿ ಮತ್ತೆ ಓಡತೊಡಗಿತು. ವಾಯುಮಂಡಲದ ರಕ್ಷಣೆಗೆಂದು ಕಟ್ಟಿದ ಯಂತ್ರವು ಎಣ್ಣೆಯ ಪೇಟೆಯ ಧಾರಣೆಯನ್ನು ನೋಡಿಕೊಂಡು ಓಡುವುದೂ ನಿಲ್ಲುವುದೂ ಎಂತಹ ವಿಪರ್ಯಾಸವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಹೊಗೆಯನ್ನು ಹುಗಿದು ಎಣ್ಣೆಯನ್ನು ಎಬ್ಬಿಸಿದರೆ ಆ ಎಣ್ಣೆಯೂ ಉರಿದು ಹೊಗೆಯೇ ಆಗುವುದಷ್ಟೆ.

ಮಿಸಿಸಿಪ್ಪಿಯ ಕೆಂಪರ್ ಎಂಬಲ್ಲಿ ನಡೆದುದು ಇದಕ್ಕಿಂತ ಶೋಚನೀಯ. ಕಲ್ಲಿದ್ದಲನ್ನು ಮೊದಲು ಅನಿಲವಾಗಿ ಮಾರ್ಪಡಿಸಿ ಉರಿಸುವ ಆ ಕೇಂದ್ರದ ವೆಚ್ಚವು ಮೊದಲ ಅಂದಾಜನ್ನು ಎರಡು ಪಟ್ಟಿಗಿಂತಲೂ ಮೀರಿ ಸುಮಾರು 750 ಕೋಟಿ ಡಾಲರಿಗೆ ಏರಿತು. 2017ರಲ್ಲಿ ಆ ಪ್ರಯತ್ನವನ್ನೇ ಕೈಬಿಟ್ಟರು. 2021ರಲ್ಲಿ ಕಟ್ಟಡವನ್ನು ಸಿಡಿಮದ್ದಿಟ್ಟು ಉರುಳಿಸಿದರು. ಚೀನಾ ದೇಶವು ಜಿಯಾಂಗ್ಸು ಪ್ರಾಂತದ ತೈಝೌ ಎಂಬಲ್ಲಿ 2023ರಲ್ಲಿ ವರ್ಷಕ್ಕೆ ಐದು ಲಕ್ಷ ಟನ್ನಿನ ಯಂತ್ರವನ್ನು ಚಾಲನೆಗೆ ತಂದು, ತಾನೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲವೆಂದು ತೋರಿಸಿದೆ.

ಈ ಎಲ್ಲಕ್ಕಿಂತ ಬೋಧಪ್ರದವಾದುದು ನಾರ್ವೆಯ ಕಥೆ. ಆ ಪುಟ್ಟ ರಾಷ್ಟ್ರವು 1991ರಲ್ಲಿ ಸಮುದ್ರದ ಎಣ್ಣೆ ಮತ್ತು ಅನಿಲದ ಉದ್ಯಮಗಳು ಹೊರಬಿಡುವ ಅಂಗಾರಾಮ್ಲದ ಮೇಲೆ ತೆರಿಗೆ ಹೇರಿತು. ತೆರಿಗೆ ತೆರುವುದಕ್ಕಿಂತ ಹುಗಿಯುವುದೇ ಲಾಭವೆಂದು ಕಂಡುಬಂದೊಡನೆ, ಸ್ಲೈಪ್ನರ್ ಎಂಬ ಅನಿಲಕ್ಷೇತ್ರದವರು 1996ರಿಂದ ಬಹುಕಾಲ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ನನ್ನು ಉತ್ತರ ಸಮುದ್ರದ ತಳದ ಕೆಳಗೆ ತುಂಬುತ್ತ ಬಂದರು. ಅಲ್ಲಿ ಅನಿಲವನ್ನು ಶುದ್ಧಿಮಾಡುವಾಗ ಅಂಗಾರಾಮ್ಲವು ಹೇಗೂ ಬೇರ್ಪಡುತ್ತಿತ್ತು. ಆದುದರಿಂದ ಕೆಲಸ ಸುಲಭವಾಗಿತ್ತೆಂಬುದು ನಿಜ. ಆದರೂ ತತ್ತ್ವವು ಸ್ಪಷ್ಟವಾಗಿದೆ. ಅಲ್ಲಿ ಕಾನೂನು ಮೊದಲು ಬಂದಿತು, ಯಂತ್ರವು ಕಾನೂನನ್ನು ಹಿಂಬಾಲಿಸಿತು. ಅನುದಾನದ ಮೇಲೆ ಮಾತ್ರ ನಿಂತ ಯಂತ್ರಗಳು ಅನುದಾನ ಮುಗಿದಲ್ಲಿಗೆ ಮುಗ್ಗರಿಸುತ್ತವೆ.

ಹುಗಿಯುವುದೆಲ್ಲಿ?

ಹಿಡಿದ ಮೇಲೆ ಇಡುವುದೆಲ್ಲಿ ಎಂಬುದು ಎರಡನೆಯ ಪ್ರಶ್ನೆ. ಇದರಲ್ಲಿ ಕರ್ನಾಟಕಕ್ಕೆ ನೇರವಾದ ಸಂಬಂಧವಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ ಜಿಲ್ಲೆಗಳ ಬಹುಭಾಗವು ದಖನ್ನಿನ ಕಪ್ಪು ಅಗ್ನಿಶಿಲೆಯ ಮೇಲೆ ನಿಂತಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಈ ಬಸಾಲ್ಟ್ ಶಿಲೆಯ ವಂಶಕ್ಕೇ ಸೇರಿದ ನೆಲ ಐಸ್‌ಲೆಂಡ್ ದ್ವೀಪದ್ದು. ಅಲ್ಲಿ 2012ರಲ್ಲಿ ಅಂಗಾರಾಮ್ಲವನ್ನು ನೀರಿನಲ್ಲಿ ಕರಗಿಸಿ ಇಂತಹ ಶಿಲೆಯೊಳಗೆ ಇಳಿಸಿದರು. ಎರಡು ವರ್ಷಗಳೊಳಗಾಗಿ ನೂರಕ್ಕೆ 95 ಭಾಗವು ಸುಣ್ಣಕಲ್ಲಿನಂತಹ ಖನಿಜವಾಗಿ ಗಟ್ಟಿಯಾಯಿತೆಂದು 2016ರಲ್ಲಿ ವರದಿ ಬಂದಿತು. ವಾಯುವು ಕಲ್ಲಾದ ಮೇಲೆ ಸೋರುವ ಭಯವಿಲ್ಲ. ಇದನ್ನು ಓದಿದ ನಮ್ಮ ಕೆಲವರು, ಕಪ್ಪು ಶಿಲೆಯೇ ಹಾಸಿಕೊಂಡಿರುವ ನಾಡಿಗೆ ಇನ್ನೇನು ಕೊರತೆಯೆಂದು ಹಿಗ್ಗಿದರು.

ಆದರೆ ಆ ವಿಧಾನದಲ್ಲಿ ಒಂದು ಟನ್ನು ಅಂಗಾರಾಮ್ಲಕ್ಕೆ ಸುಮಾರು 25 ಟನ್ನು ನೀರು ಬೇಕೆಂಬುದನ್ನು ಹಿಗ್ಗಿದವರು ಲೆಕ್ಕಕ್ಕೆ ತಂದಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಕೇಂದ್ರವಿದೆ; ಆಲಮಟ್ಟಿಯ ಜಲಾಶಯದಿಂದ ಅದಕ್ಕೆ ನೀರು ಬರುತ್ತದೆ. ಅದು ಅರ್ಧಶಕ್ತಿಗಿಂತ ತುಸು ಹೆಚ್ಚಾಗಿ ದುಡಿದರೂ ದಿನಕ್ಕೆ ಸುಮಾರು 30,000 ಟನ್ನು ಅಂಗಾರಾಮ್ಲ ಹೊರಬೀಳುತ್ತದೆ. ಅಷ್ಟನ್ನೂ ಐಸ್‌ಲೆಂಡಿನ ರೀತಿಯಲ್ಲಿ ಕರಗಿಸಬೇಕಾದರೆ ದಿನಕ್ಕೆ 75 ಕೋಟಿ ಲೀಟರು ನೀರು ಬೇಕು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜನರಿಗೆಂದು ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಯೋಜನೆ ತರುವುದು ದಿನಕ್ಕೆ 77.5 ಕೋಟಿ ಲೀಟರು. ಲಕ್ಷಾಂತರ ಮನೆಗಳ ಬಾಯಾರಿಕೆ ತೀರಿಸುವಷ್ಟು ನೀರನ್ನು, ಮಳೆಯಿಲ್ಲದೆ ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ, ಹೊಗೆಯನ್ನು ಕರಗಿಸುವುದಕ್ಕೆ ಯಾರು ಕೊಡುತ್ತಾರೆ? ನೀರನ್ನು ಮತ್ತೆ ಮತ್ತೆ ಬಳಸುವ ಉಪಾಯಗಳಿವೆಯೆಂಬುದನ್ನೂ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2013ರಲ್ಲಿ ನೀರಿಲ್ಲದೆ ಸುಮಾರು ಸಾವಿರ ಟನ್ನನ್ನು ಇಂತಹುದೇ ಶಿಲೆಗೆ ಇಳಿಸಿ ನೋಡಿದರೆಂಬುದನ್ನೂ ನಾವು ಬಲ್ಲೆವು. ಸಾವಿರ ಟನ್ನಿನ ಪರೀಕ್ಷೆಗೂ ದಿನಂಪ್ರತಿ ಮೂವತ್ತು ಸಾವಿರ ಟನ್ನಿನ ವ್ಯವಹಾರಕ್ಕೂ ನಡುವೆ ಇರುವ ಅಂತರವನ್ನು ಮಾತಿನಿಂದ ತುಂಬಲಾಗದು. ಪರೀಕ್ಷೆಗಳು ನಮ್ಮ ನೆಲದಲ್ಲೇ ನಡೆಯಲಿ. ಫಲ ಬರುವ ಮುನ್ನ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಕೆಲಸ ಬೇಡ.

ಜನರ ಸುರಕ್ಷಿತತೆಯ ಪ್ರಶ್ನೆಯೂ ಇದೆ. ಅಂಗಾರಾಮ್ಲವು ಗಾಳಿಗಿಂತ ಭಾರ. ಒಮ್ಮೆಲೆ ಹೊರಬಿದ್ದರೆ ತಗ್ಗಿನಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. 2020ರ ಫೆಬ್ರವರಿಯಲ್ಲಿ ಮಿಸಿಸಿಪ್ಪಿಯ ಸಟಾರ್ಷಿಯಾ ಎಂಬ ಹಳ್ಳಿಯ ಬಳಿ ಇಂತಹ ಕೊಳವೆಯೊಂದು ಒಡೆದು ಸುಮಾರು 200 ಜನ ಮನೆ ಬಿಟ್ಟೋಡಬೇಕಾಯಿತು. 45 ಮಂದಿ ಆಸ್ಪತ್ರೆ ಸೇರಿದರು. ಕೊಳವೆ ಹಾಯುವ ಹಳ್ಳಿಯವರಿಗೆ ಮೊದಲೇ ತಿಳಿಸಿ, ಅವರ ಮಾತನ್ನು ಕೇಳಿ, ಅಪಾಯಕ್ಕೆ ಹೊಣೆ ಯಾರೆಂದು ಕಾನೂನಿನಲ್ಲಿ ಬರೆದಿಡುವುದು ಸರಕಾರದ ಪ್ರಥಮ ಕರ್ತವ್ಯ.

ನಮ್ಮ ದೇಶದ ಸ್ಥಿತಿ

ಭಾರತದಲ್ಲಿಯೂ ಪ್ರಯತ್ನಗಳು ನಡೆದಿವೆ. ತೂತ್ತುಕುಡಿಯ ಕ್ಷಾರ ಕಾರ್ಖಾನೆಯೊಂದು 2016ರಿಂದ ತನ್ನ ಕಲ್ಲಿದ್ದಲಿನ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ನು ಹಿಡಿಯುವ ಯಂತ್ರವನ್ನು ಸರಕಾರದ ಸಹಾಯಧನವಿಲ್ಲದೆ ಸ್ಥಾಪಿಸಿ, ಸೋಡಾ ಕ್ಷಾರದ ತಯಾರಿಕೆಗೆ ಬಳಸಿದ್ದು ಮೆಚ್ಚತಕ್ಕ ಸಂಗತಿ. ಕೊಳ್ಳುವ ಬೆಲೆಗಿಂತ ಹಿಡಿಯುವ ಬೆಲೆ ಅಗ್ಗವಾದುದರಿಂದ ಅದು ಸಾಧ್ಯವಾಯಿತು. ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಕೇಂದ್ರದ ಸಂಸ್ಥೆಯಾದ ಎನ್.ಟಿ.ಪಿ.ಸಿ. 2022ರಲ್ಲಿ ದಿನಕ್ಕೆ 20 ಟನ್ನು ಹಿಡಿಯುವ ಯಂತ್ರವನ್ನು ನಿಲ್ಲಿಸಿತು. ಆ ಕೇಂದ್ರದ ಸಾಮರ್ಥ್ಯ 4760 ಮೆಗಾವಾಟ್; ದಿನಕ್ಕೆ ಸುಮಾರು 80,000 ಟನ್ನು ಅಂಗಾರಾಮ್ಲ ಅಲ್ಲಿಂದ ಹೊರಬೀಳುತ್ತದೆಂದು ಇಟ್ಟುಕೊಂಡರೆ, ಯಂತ್ರವು ಹಿಡಿಯುವುದು ಇಪ್ಪತ್ತು ಚಿಲ್ಲರೆ ಸೆಕೆಂಡುಗಳಲ್ಲಿ ಹೊರಡುವ ಹೊಗೆಯಷ್ಟನ್ನು. ಕಲಿಯುವುದಕ್ಕೆ ಇದು ಸಾಕು, ಅದಕ್ಕಾಗಿ ನಾವು ಅದನ್ನು ಹಳಿಯುವುದಿಲ್ಲ. ಪರಿಹಾರವೆಂದು ಕರೆದರೆ ಮಾತ್ರ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆ ನೆನಪಿಗೆ ಬರುತ್ತದೆ. ನೀತಿ ಆಯೋಗವು 2022ರ ತನ್ನ ವರದಿಯಲ್ಲಿ 2050ರ ಹೊತ್ತಿಗೆ ವರ್ಷಕ್ಕೆ 75 ಕೋಟಿ ಟನ್ನು ಹಿಡಿಯಬಹುದೆಂದು ಕಂಡಿರುವ ಕನಸಿಗೂ ಈ 20 ಟನ್ನಿಗೂ ಇರುವ ದೂರವನ್ನು ಅಧಿಕಾರಿಗಳೇ ಅಳೆಯಲಿ.

ಇದಕ್ಕಿಂತ ಮುಖ್ಯವಾದ ಒಂದು ಅಸಂಗತಿಯತ್ತ ನಾವು ಆಡಳಿತದವರ ಗಮನವನ್ನು ಸೆಳೆಯಬಯಸುತ್ತೇವೆ. ಅಮೀನ್ ದ್ರವಕ್ಕೆ ಗಂಧಕದ ಹೊಗೆಯೇ ಪರಮಶತ್ರು. ಗಂಧಕವು ದ್ರವದೊಡನೆ ಕೂಡಿ ಎಷ್ಟು ಕಾಯಿಸಿದರೂ ಬಿಡದ ಲವಣವಾಗಿ ಅದನ್ನು ಕೆಡಿಸುತ್ತದೆ. ಆದುದರಿಂದ ಹೊಗೆಯ ಹತ್ತು ಲಕ್ಷ ಭಾಗಗಳಲ್ಲಿ ಗಂಧಕದ ಅನಿಲವು ಹತ್ತು ಭಾಗದ ಆಸುಪಾಸಿಗೆ ಇಳಿಯದೆ ಅಂಗಾರಾಮ್ಲವನ್ನು ಹಿಡಿಯುವ ಮಾತೇ ಇಲ್ಲ. ನಮ್ಮ ಸರಕಾರವು 2015ರ ಡಿಸೆಂಬರಿನಲ್ಲಿ ಕಲ್ಲಿದ್ದಲಿನ ಕೇಂದ್ರಗಳು ಎರಡು ವರ್ಷಗಳೊಳಗೆ ಗಂಧಕದ ಹೊಗೆಯನ್ನು ಮಿತಿಗೆ ತರಬೇಕೆಂದು ನಿಯಮ ಮಾಡಿತು. ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಕೊನೆಗೆ 2025ರ ಜುಲೈಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಘಟಕಗಳಿಗೆ ಚಿಮಣಿಯ ಎತ್ತರದ ಷರತ್ತಿನ ಮೇಲೆ ವಿನಾಯಿತಿಯೇ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಮೆ, ಯಂತ್ರದ ವೆಚ್ಚ ಹೆಚ್ಚು ಎಂಬುದು ಸರಕಾರದ ಪಕ್ಷದ ವಾದ. ಆ ವಾದದ ಗುಣದೋಷಗಳು ಹಾಗಿರಲಿ. ಗಂಧಕವನ್ನು ಹಿಡಿಯುವ ಹಳೆಯ, ಅಗ್ಗದ, ಪರೀಕ್ಷಿತವಾದ ಯಂತ್ರವನ್ನೇ ದುಬಾರಿಯೆಂದು ಬಿಟ್ಟುಕೊಟ್ಟ ಮೇಲೆ, ಅದರ ಹೆಗಲ ಮೇಲೆಯೇ ನಿಲ್ಲಬೇಕಾದ, ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾದ ಯಂತ್ರವನ್ನು ಅದೇ ಕೇಂದ್ರಗಳಿಗೆ ಜೋಡಿಸುವೆವೆಂಬುದು ಹೇಗೆ ಹೊಂದುತ್ತದೆ? ಅಡಿಪಾಯವನ್ನು ಮನ್ನಾ ಮಾಡಿ ಉಪ್ಪರಿಗೆಗೆ ಹಣ ಮಂಜೂರು ಮಾಡಿದಂತಲ್ಲವೆ? ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ 30 ರಿಂದ 45 ಭಾಗ ಬೂದಿಯಿರುವುದರಿಂದ ಬೌಂಡರಿ ಡ್ಯಾಮಿನವರನ್ನು ಕಾಡಿದ ಕಷ್ಟವು ನಮ್ಮನ್ನು ಇನ್ನೂ ಹೆಚ್ಚಾಗಿ ಕಾಡುವುದೆಂಬುದನ್ನೂ ಮರೆಯಲಾಗದು.

ನ್ಯಾಯದ ಮಾತು

ಇಲ್ಲಿ ಒಂದು ಆಕ್ಷೇಪ ಬರಬಹುದು. ಈ ವಾಯುಮಂಡಲವನ್ನು ತುಂಬಿಸಿದವರು ನಾವಲ್ಲ. ಎರಡು ಶತಮಾನಗಳ ಕಾಲ ಕಲ್ಲಿದ್ದಲು ಉರಿಸಿ ಶ್ರೀಮಂತರಾದವರು. ಇಂದಿಗೂ ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ನು ಬಂದರೆ ಭಾರತೀಯನ ಪಾಲಿಗೆ ಬರುವುದು ಎರಡು ಟನ್ನಿನ ಆಸುಪಾಸು. ನಮ್ಮ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಭಾಗ ಕಲ್ಲಿದ್ದಲಿನಿಂದಲೇ ಬರುತ್ತಿರುವಾಗ, ಕೇಂದ್ರಗಳಲ್ಲಿ ಬಹಳಷ್ಟು ಇನ್ನೂ ಹೊಸವಾಗಿರುವಾಗ, ಅವನ್ನು ಮುಚ್ಚೆಂದು ಹೇಳುವ ಅಧಿಕಾರ ಯಾರಿಗಿದೆ? ಈ ಆಕ್ಷೇಪದಲ್ಲಿ ನ್ಯಾಯವಿದೆ. ಅದನ್ನು ಅಂತಾರಾಷ್ಟ್ರೀಯ ಸಭೆಗಳಲ್ಲಿ ಗಟ್ಟಿಯಾಗಿ ಹೇಳತಕ್ಕುದೇ ಸರಿ. ಆದರೆ ಈ ನ್ಯಾಯದ ತಕ್ಕಡಿಯಲ್ಲಿ ಹಿಡಿಯುವ ಯಂತ್ರವೇನೂ ಹಗುರವಾಗುವುದಿಲ್ಲ. ಯಂತ್ರದಿಂದ ವಿದ್ಯುತ್ತಿನ ಬೆಲೆ ಏರಿದರೆ ಅದನ್ನು ತೆರುವವನು ನ್ಯೂಯಾರ್ಕಿನ ಶ್ರೀಮಂತನಲ್ಲ, ಸಿಂಧನೂರಿನ ಗಿರಣಿಯವನು, ಇಳಕಲ್ಲಿನ ನೇಕಾರ. ಬಡವನ ಹೆಸರಿನಲ್ಲಿ ಕಲ್ಲಿದ್ದಲನ್ನು ಸಮರ್ಥಿಸುವವರು ಬಡವನ ಬಿಲ್ಲನ್ನೂ ನೋಡಬೇಕು.

ವಿದ್ಯುತ್ತಿಗೆ ಬೇರೆ ದಾರಿಗಳಿಲ್ಲವೆ ಎಂದರೆ, ಇವೆ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ನಾಡು ನಮ್ಮದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರ ನೆಲವನ್ನು ಗುತ್ತಿಗೆಗೆ ಪಡೆದು 2050 ಮೆಗಾವಾಟಿನ ಸೌರಕ್ಷೇತ್ರವನ್ನು 2019ರ ಹೊತ್ತಿಗೆ ಪೂರ್ಣಗೊಳಿಸಿದ ನಾಡೂ ಇದೇ. ರಾಜಸ್ಥಾನದ ಭಡ್ಲಾದಲ್ಲಿ 2017ರ ಮೇ ತಿಂಗಳಲ್ಲಿಯೇ ಸೌರವಿದ್ಯುತ್ತು ಯೂನಿಟ್ಟಿಗೆ 2 ರೂಪಾಯಿ 44 ಪೈಸೆಗೆ ಇಳಿದಿತ್ತು. ಸೂರ್ಯನು ರಾತ್ರಿ ಬೆಳಗುವುದಿಲ್ಲವೆಂಬುದು ನಿಜ. ಹಗಲಿನ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆಗೆ ಹಣ ಬೇಕು. ಹುಟ್ಟಿದ ಹೊಗೆಯನ್ನು ಸಾವಿರಾರು ವರ್ಷ ಕೂಡಿಡುವುದಕ್ಕಿಂತ ಹುಟ್ಟಿದ ವಿದ್ಯುತ್ತನ್ನು ಹನ್ನೆರಡು ಗಂಟೆ ಕೂಡಿಡುವುದು ಸುಲಭವೆಂದು ನಮಗೆ ತೋರುತ್ತದೆ.

ಸಿಮೆಂಟಿನ ವಿಷಯ ಹಾಗಲ್ಲ. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಸುಣ್ಣಕಲ್ಲನ್ನು ಸುಡುವಾಗ ಕಲ್ಲಿನೊಳಗಿಂದಲೇ ಅಂಗಾರಾಮ್ಲ ಹೊರಡುತ್ತದೆ. ಕಲ್ಲಿದ್ದಲನ್ನು ಬಿಟ್ಟು ಸೂರ್ಯನ ಶಾಖದಿಂದ ಸುಟ್ಟರೂ ಅದು ಹೊರಡುವುದೇ. ಅಲ್ಲಿ ಹಿಡಿಯುವುದರ ಹೊರತು ಬೇರೆ ದಾರಿ ಕಾಣದು. ನಾರ್ವೆಯ ಬ್ರೆವಿಕ್ ಸಿಮೆಂಟು ಕಾರ್ಖಾನೆಯಲ್ಲಿ ವರ್ಷಕ್ಕೆ ನಾಲ್ಕು ಲಕ್ಷ ಟನ್ನು ಹಿಡಿಯುವ ಯಂತ್ರವು 2025ರಲ್ಲಿ ಉದ್ಘಾಟನೆಯಾಗಿದೆ. ಉಕ್ಕಿನ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಯುರೋಪಿನ ಒಕ್ಕೂಟವು 2026ರ ಜನವರಿಯಿಂದ ಹೊರದೇಶಗಳ ಉಕ್ಕು, ಸಿಮೆಂಟುಗಳ ಮೇಲೆ ಅವುಗಳ ಹೊಗೆಗೆ ತಕ್ಕಂತೆ ಸುಂಕ ಹಾಕುವ ನಿಯಮವನ್ನು ಜಾರಿಗೆ ತಂದಿರುವುದರಿಂದ, ತೋರಣಗಲ್ಲಿನ ಉಕ್ಕು ಆ ಪೇಟೆಗೆ ಹೋದರೆ ಅದರ ಹೊಗೆಯ ಲೆಕ್ಕವೂ ಜೊತೆಯಲ್ಲೇ ಹೋಗಬೇಕಾಗಿದೆ.

ಮಾಡತಕ್ಕುದೇನು?

ಹೀಗಿರಲು ಇಪ್ಪತ್ತು ಸಾವಿರ ಕೋಟಿಯನ್ನು ಎಲ್ಲಿ ಇಡಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಬೌಂಡರಿ ಡ್ಯಾಮಿನ ವೆಚ್ಚವನ್ನು ನಮ್ಮ ನಾಣ್ಯಕ್ಕೆ ತಿರುಗಿಸಿದರೆ ಒಂಬತ್ತು ಸಾವಿರ ಕೋಟಿ ಮೀರುತ್ತದೆ. ಮೊದಲನೆಯದಾದುದರಿಂದ ಅದು ದುಬಾರಿಯಾಯಿತೆಂದು ಒಪ್ಪಿದರೂ, ಈ ಹಣವೆಲ್ಲವನ್ನೂ ಸುರಿದರೆ ಅಂತಹ ಕೆಲವೇ ಯಂತ್ರಗಳು ಬಂದಾವು. ರಾಯಚೂರಿನ ಎಂಟು ಘಟಕಗಳಿಗೂ ಅವು ಸಾಲವು. ಆದುದರಿಂದ, ಒಂದನೆಯದಾಗಿ, ಹಣದ ಮೊದಲ ಪಾಲು ಬೇರೆ ದಾರಿಯಿಲ್ಲದ ಸಿಮೆಂಟು, ಉಕ್ಕುಗಳಿಗೆ ಸಲ್ಲಲಿ. ಎರಡನೆಯದಾಗಿ, ಹಿಡಿಯುವ ಯಂತ್ರ ಮುಂದೆ ಬರುವುದೆಂಬ ಭರವಸೆಯನ್ನೇ ಆಧಾರ ಮಾಡಿಕೊಂಡು ಹೊಸ ಕಲ್ಲಿದ್ದಲಿನ ಕೇಂದ್ರಕ್ಕೆ ಅನುಮತಿ ಕೊಡದಿರಲಿ. ಮೂರನೆಯದಾಗಿ, ಯಾವ ವಿದ್ಯುತ್ ಕೇಂದ್ರಕ್ಕೆ ಈ ಹಣದಿಂದ ನೆರವು ದೊರೆಯುವುದೋ ಅದು ಗಂಧಕವನ್ನು ಮೊದಲು ಹಿಡಿದು ತೋರಿಸಲಿ. ನಾಲ್ಕನೆಯದಾಗಿ, ಹಿಡಿದ ಟನ್ನುಗಳೆಷ್ಟು, ತಗಲಿದ ರೂಪಾಯಿಗಳೆಷ್ಟು, ಬಳಸಿದ ನೀರೆಷ್ಟು ಎಂಬ ಲೆಕ್ಕವು ವರ್ಷವರ್ಷವೂ ಸಾರ್ವಜನಿಕರ ಮುಂದೆ ಬರಲಿ. ಹಿಡಿಯಬೇಕೆಂದಿದ್ದ ಸಾಮರ್ಥ್ಯವನ್ನು ಹಿಡಿದದ್ದೆಂದು ಬರೆಯುವ ಪದ್ಧತಿ ಬೇಡ.

ಐದನೆಯದು ವಿದ್ಯೆಯ ಮಾತು. ಕೆನಡಾದ ಯಂತ್ರವೂ ಟೆಕ್ಸಾಸಿನ ಯಂತ್ರವೂ ದೊಡ್ಡ ವಿದೇಶೀ ಕಂಪನಿಗಳ ಸ್ವಾಮ್ಯದ ದ್ರವಗಳಿಂದ ನಡೆಯತಕ್ಕವು. ನಮ್ಮ ಬೂದಿಗೂ ನಮ್ಮ ಉಷ್ಣಕ್ಕೂ ಹೊಂದುವ ದ್ರವವನ್ನು ಅವರು ನಮಗಾಗಿ ಕಂಡುಹಿಡಿಯುವರೆಂದು ಕಾದಿರಬೇಕಾದುದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ಮುಂಬಯಿಯ ಐ.ಐ.ಟಿ.ಯಲ್ಲಿಯೂ ಈ ವಿದ್ಯೆಗೆಂದೇ ಎರಡು ರಾಷ್ಟ್ರೀಯ ಕೇಂದ್ರಗಳು 2022ರಿಂದ ಇವೆ. ಹಣದಲ್ಲಿ ಸಾಕಷ್ಟು ಪಾಲು ಅಲ್ಲಿಗೆ ಹೋಗಲಿ; ದಖನ್ನಿನ ಶಿಲೆಯ ಪರೀಕ್ಷೆಗೂ ಹೋಗಲಿ. ಸೋತರೂ ಅಲ್ಲಿ ಕಲಿತ ವಿದ್ಯೆ ದೇಶದಲ್ಲಿ ಉಳಿಯುತ್ತದೆ.

ಭಾರತವು 2070ರ ಹೊತ್ತಿಗೆ ತನ್ನ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವುದಾಗಿ 2021ರಲ್ಲಿ ಗ್ಲಾಸ್ಗೋ ನಗರದ ಸಮ್ಮೇಳನದಲ್ಲಿ ಮಾತು ಕೊಟ್ಟಿದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಮರ್ಯಾದೆಯ ವಿಷಯ. ಅದಕ್ಕಾಗಿ ಹೊಗೆಯನ್ನು ಹಿಡಿಯುವ ವಿದ್ಯೆಯನ್ನೂ ಕಲಿಯೋಣ. ಆದರೆ ಹೊಗೆಯನ್ನು ಹುಟ್ಟಿಸದಿರುವ ವಿದ್ಯೆ ಅದಕ್ಕಿಂತ ಹಿರಿದೆಂಬುದನ್ನೂ, ಅಗ್ಗವೆಂಬುದನ್ನೂ ಮರೆಯದಿರೋಣ. ಶಕ್ತಿನಗರದ ಚಿಮಣಿಗಳ ಕೆಳಗೆ ನಾಲ್ಕು ದಶಕಗಳಿಂದ ಬಾಳುತ್ತ ಬಂದ ಜನರಿಗೆ ಬೇಕಾದುದು ಮುಂದೆ ಎಂದೋ ಬರುವ ಯಂತ್ರದ ಆಶ್ವಾಸನೆಯಲ್ಲ. ಇಂದು ಇರುವ ಹಣವನ್ನು ವಿವೇಕದಿಂದ ವೆಚ್ಚಮಾಡುವ ಆಡಳಿತವು ಅವರಿಗೆ ಬೇಕು. ಅದನ್ನು ಕೇಳುವ ಹಕ್ಕು ಅವರಿಗೂ ನಮಗೂ ಇದೆ. ಲೆಕ್ಕ ಒಪ್ಪಿಸುವ ಕಾಲ ಬಂದಾಗ ಅದನ್ನು ನಾವು ಕೇಳಿಯೇ ಕೇಳುವೆವು.